ಗಣಕಯಂತ್ರದಲ್ಲಿ ಗೋಡೆ ಎಳೆಯುವ ಬಗೆ

ಮನೆ ಕಟ್ಟಲು ಹೊರಟವರು ಎಲ್ಲಕ್ಕಿಂತ ಮೊದಲು ಕಟ್ಟುವುದು ದಾರವನ್ನು. ನಿವೇಶನದ ಮೂಲೆಗಳಲ್ಲಿ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ದಾರ ಬಿಗಿದು, ಅದರ ಗುಂಟ ಸುಣ್ಣದ ಪುಡಿ ಉದುರಿಸಿದ ಮೇಲೆಯೇ ಗುದ್ದಲಿ ನೆಲಕ್ಕೆ ಬೀಳುವುದು. ದಾರ ಒಂದು ಗೇಣು ಸರಿದರೆ ಗೋಡೆಯೂ ಒಂದು ಗೇಣು ಸರಿಯುತ್ತದೆ. ಎದ್ದುನಿಂತ ಗೋಡೆಯನ್ನು ಸರಿಸಬಲ್ಲವರು ಯಾರೂ ಇಲ್ಲ. ಆದಕಾರಣವೇ ನಮ್ಮ ಹಿಂದಿನವರು ದಾರ ಹಿಡಿಯುವವನಿಗೆ ಗೌರವದ ಸ್ಥಾನ ಕೊಟ್ಟಿದ್ದರು. ಮಯಮತ, ಮಾನಸಾರ ಎಂಬ ಸಂಸ್ಕೃತ ವಾಸ್ತುಗ್ರಂಥಗಳು ಕಟ್ಟಡದ ಕೆಲಸದವರನ್ನು ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂದು ನಾಲ್ಕು ಬಗೆಯಾಗಿ ಹೇಳುತ್ತವೆ. ಸೂತ್ರಗ್ರಾಹಿ ಎಂದರೆ ದಾರ ಹಿಡಿದವನು, ಅಳತೆಯ ಹೊಣೆ ಹೊತ್ತವನು. 'ಶುಲ್ಬ' ಎಂದರೂ ಹಗ್ಗವೇ. ಯಜ್ಞವೇದಿಗಳ ಅಳತೆಯನ್ನು ವಿಧಿಸುವ ಶುಲ್ಬಸೂತ್ರಗಳು ಹಗ್ಗದ ಲೆಕ್ಕವನ್ನು ಹೇಳುವ ಗ್ರಂಥಗಳು.

ಇಂದು ಆ ದಾರ ಗಣಕಯಂತ್ರದ ಪರದೆಯ ಮೇಲೆಯೂ ಬಂದಿದೆ. ಮನೆಯ ನಕ್ಷೆ ಬರೆಯುವ ತಂತ್ರಾಂಶಗಳು ಹಲವು ಇವೆ. ಕೆಲವು ಹಣವಿಲ್ಲದೆಯೂ ದೊರೆಯುತ್ತವೆ. ಮನೆ ಕಟ್ಟಿಸುವವನು ಎಂಜಿನಿಯರ ಬಳಿಗೆ ಹೋಗುವ ಮುನ್ನ ತನ್ನ ಮನಸ್ಸಿನಲ್ಲಿರುವುದನ್ನು ತಾನೇ ಬರೆದು ನೋಡುವುದು ಈಗ ಸಾಧ್ಯ. ಬಾಯಲ್ಲಿ ಹೇಳಲು ಬಾರದ್ದನ್ನು ಗೆರೆಯಲ್ಲಿ ತೋರಿಸಬಹುದು. ಆದರೆ ಮೊದಲ ಗೋಡೆ ಎಳೆಯಲೆಂದು ಮೌಸಿನ ಮೇಲೆ ಕೈಯಿಟ್ಟೊಡನೆ ಹಲವರು ಎಡವುತ್ತಾರೆ. ಗೆರೆ ಓರೆಯಾಗುತ್ತದೆ, ಮೂಲೆ ಕೂಡುವುದಿಲ್ಲ, ಸಾಕೆಂದರೂ ಬಿಡದೆ ಗೆರೆಯು ಬೆರಳಿಗೆ ಅಂಟಿದ ನೂಲಿನಂತೆ ಹಿಂದೆ ಹಿಂದೆಯೇ ಬರುತ್ತದೆ. 'ಇದು ನಮ್ಮಂಥವರಿಗಲ್ಲ, ಹುಡುಗರ ಕೆಲಸ' ಎಂದು ಎದ್ದುಬಿಡುತ್ತಾರೆ. ಹಾಗೆ ಏಳಬೇಕಾಗಿಲ್ಲ. ದಾರ ಹಿಡಿಯುವ ಬಗೆಯೊಂದನ್ನು ಅರಿತರೆ ಯಾವ ವಯಸ್ಸಿನವರಾದರೂ ತಮ್ಮ ಮನೆಯ ಗೋಡೆಗಳನ್ನು ತಾವೇ ಎಳೆಯಬಹುದು.

ಮೊದಲು ಕೈಯಲ್ಲಿರುವ ಉಪಕರಣದ ಪರಿಚಯ ಮಾಡಿಕೊಳ್ಳೋಣ. ಇಂಗ್ಲಿಷಿನ 'ಮೌಸ್' ಎಂಬುದೂ ಸಂಸ್ಕೃತದ 'ಮೂಷ', 'ಮೂಷಕ' ಎಂಬುವೂ ಒಂದೇ ಮೂಲದಿಂದ ಹೊರಟ ದಾಯಾದಿ ಶಬ್ದಗಳು. ಹೆಸರಿನ ಮಟ್ಟಿಗೆ ಅದು ನಮಗೆ ತೀರ ಹೊರಗಿನದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬವರು 1964ರಲ್ಲಿ ಮೊದಲ ಮೌಸನ್ನು ಮಾಡಿದರು. ಅದು ಅಂಗೈಯಲ್ಲಿ ಹಿಡಿಸುವ ಮರದ ತುಂಡು. ಮೇಲೆ ಒಂದೇ ಗುಂಡಿ, ಬಾಲದಂತೆ ಒಂದು ತಂತಿ, ಕೆಳಗೆ ಒಂದಕ್ಕೊಂದು ಅಡ್ಡವಾಗಿ ನಿಂತ ಎರಡು ಗಾಲಿಗಳು. ಒಂದು ಗಾಲಿ ಎಡಬಲದ ಚಲನೆಯನ್ನು ಲೆಕ್ಕಿಸುತ್ತಿತ್ತು, ಇನ್ನೊಂದು ಮೇಲುಕೆಳಗಿನ ಚಲನೆಯನ್ನು. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಎಂಗೆಲ್‌ಬಾರ್ಟ್ ಇದನ್ನು ದೊಡ್ಡ ಸಭೆಯೆದುರು ಬಳಸಿ ತೋರಿಸಿದರು.

ಈಗಿನ ಮೌಸಿಗೆ ಅಡಿಯಲ್ಲಿ ಗಾಲಿಯಿಲ್ಲ. ಒಂದು ಕಿರುಬೆಳಕೂ ಪುಟ್ಟ ಕ್ಯಾಮರವೂ ಇವೆ. ಕೆಳಗಿನ ಮೇಜಿನ ಚಿತ್ರಗಳನ್ನು ಅದು ಎಡೆಬಿಡದೆ ತೆಗೆದು, ಹಿಂದಿನದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸದಿಂದ ಚಲನೆಯನ್ನು ತಿಳಿಯುತ್ತದೆ. ಆದರೆ ಮೂಲತತ್ತ್ವ ಬದಲಾಗಿಲ್ಲ. ತಾನು ಮೇಜಿನ ಮೇಲೆ ಎಲ್ಲಿದ್ದೇನೆಂಬುದು ಮೌಸಿಗೆ ತಿಳಿಯದು. ಯಾವ ಕಡೆಗೆ ಎಷ್ಟು ಸರಿದೆನೆಂಬುದಷ್ಟೇ ತಿಳಿಯುತ್ತದೆ. ಮೇಜಿನ ಮೇಲೆ ಒಂದು ಅಂಗುಲ ಸರಿದರೆ ಪರದೆಯ ಬಾಣ ಎಷ್ಟು ಸರಿಯಬೇಕೆಂಬುದು ಗಣಕಯಂತ್ರದೊಳಗಿನ ಏರ್ಪಾಟು; ಅದನ್ನು ಹೆಚ್ಚು ಕಡಿಮೆ ಮಾಡಬಹುದು. ಎಂದಮೇಲೆ ಮೌಸು ಅಳತೆಪಟ್ಟಿಯಲ್ಲ. ಈ ಮಾತು ನೆನಪಿನಲ್ಲಿರಲಿ. ಮುಂದೆ ಉಪಯೋಗಕ್ಕೆ ಬರುತ್ತದೆ.

ಪರದೆಯ ಮೇಲೆ ಗೆರೆ ಎಳೆಯುವ ಉಪಾಯವಾದರೋ ಮೌಸಿಗಿಂತಲೂ ಹಿರಿಯದು. 1963ರಲ್ಲಿ ಐವನ್ ಸದರ್‌ಲೆಂಡ್ ಎಂಬ ಯುವಕ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ತನ್ನ ಡಾಕ್ಟರೇಟ್ ಪದವಿಗಾಗಿ 'ಸ್ಕೆಚ್‌ಪ್ಯಾಡ್' ಎಂಬುದನ್ನು ರಚಿಸಿದನು. ಬೆಳಕಿನ ಲೇಖನಿಯೊಂದನ್ನು ಪರದೆಗೆ ಹಿಡಿದು ಗುಂಡಿಯೊತ್ತಿದರೆ ಅಲ್ಲಿ ಗೆರೆಯ ಒಂದು ತುದಿ ನೆಟ್ಟುಕೊಳ್ಳುತ್ತಿತ್ತು. ಇನ್ನೊಂದು ತುದಿ ಲೇಖನಿಯ ಜೊತೆಯಲ್ಲಿ, ರಬ್ಬರು ಎಳೆಯಂತೆ ಹಿಗ್ಗುತ್ತ ಕುಗ್ಗುತ್ತ ಬರುತ್ತಿತ್ತು. ಸಾಕಾದಾಗ ಲೇಖನಿಯನ್ನು ಯಂತ್ರ ಹಿಂಬಾಲಿಸಲಾರದಷ್ಟು ಬೇಗ ಚಿಮ್ಮಿಸಿದರೆ ಗೆರೆ ಬಿಟ್ಟುಕೊಳ್ಳುತ್ತಿತ್ತು. ಇಂದು ನೀವು ಎಳೆಯುವ ಪ್ರತಿಯೊಂದು ಗೋಡೆಯೂ ಈ ರಬ್ಬರು ಗೆರೆಯ ಸಂತಾನವೇ. ಮೇಸ್ತ್ರಿಯ ದಾರಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ವಿಷಯಕ್ಕೆ ಬರೋಣ. ಮೌಸಿನಿಂದ ಗೋಡೆ ಎಳೆಯುವುದರಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು.

ಮೊದಲನೆಯದು ಒತ್ತಿ ಎಳೆಯುವುದು. ಗೋಡೆ ತೊಡಗಬೇಕಾದ ಕಡೆ ಎಡಗುಂಡಿಯನ್ನು ಒತ್ತಿ, ಒತ್ತಿದ ಬೆರಳನ್ನು ಸಡಿಲಿಸದೆ ಮೌಸನ್ನು ಸರಿಸುತ್ತ ಹೋಗಿ, ಮುಗಿಯಬೇಕಾದ ಕಡೆ ಬೆರಳೆತ್ತುವುದು. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣವನ್ನು ಎತ್ತದೆ ಗೆರೆ ಎಳೆದ ಹಾಗೆ. ಎರಡನೆಯದು ಗುರುತಿಟ್ಟು ಸಾಗುವುದು. ತೊಡಗುವ ಕಡೆ ಒಮ್ಮೆ ಕ್ಲಿಕ್ ಮಾಡಿ ಬೆರಳೆತ್ತಿಬಿಡುವುದು. ಗೆರೆ ತಾನಾಗಿ ಹಿಂಬಾಲಿಸುತ್ತದೆ. ಮೂಲೆ ಬಂದ ಕಡೆ ಇನ್ನೊಮ್ಮೆ ಕ್ಲಿಕ್ ಮಾಡುವುದು. ಅಲ್ಲಿಗೆ ಒಂದು ಗೋಡೆ ನಿಂತಿತು, ಅದೇ ಮೂಲೆಯಿಂದ ಮುಂದಿನ ಗೋಡೆ ಹೊರಟಿತು. ಇದು ಮೇಸ್ತ್ರಿಯ ಕ್ರಮ: ಗೂಟ ನೆಟ್ಟು, ದಾರ ಹಿಡಿದು ನಡೆದು, ಮತ್ತೊಂದು ಗೂಟ ನೆಡುವುದು.

ಎರಡರ ಭೇದವನ್ನು ನಾಲ್ಕು ಗೋಡೆಯ ಒಂದು ಕೋಣೆಯಲ್ಲಿ ಎಣಿಸಿ ನೋಡಿ. ಒತ್ತಿ ಎಳೆಯುವ ಬಗೆಯಲ್ಲಿ ಗೋಡೆಯೊಂದಕ್ಕೆ ಎರಡು ತುದಿ. ನಾಲ್ಕು ಗೋಡೆಗೆ ಎಂಟು. ಪ್ರತಿಯೊಂದು ಮೂಲೆಗೂ ಎರಡೆರಡು ಸಲ ಗುರಿಯಿಡಬೇಕು. ಎಲ್ಲಿಯಾದರೂ ಕೈ ಕೂದಲೆಳೆಯಷ್ಟು ತಪ್ಪಿದರೆ ಆ ಮೂಲೆಯಲ್ಲಿ ಬಿರುಕು. ಗುರುತಿಟ್ಟು ಸಾಗುವ ಬಗೆಯಲ್ಲಿ ಐದು ಕ್ಲಿಕ್ಕುಗಳು ಸಾಕು: ನಾಲ್ಕು ಮೂಲೆಗೆ ನಾಲ್ಕು, ಹೊರಟ ಕಡೆಗೇ ಬಂದು ಮುಚ್ಚುವುದಕ್ಕೆ ಒಂದು. ಮೂಲೆಯನ್ನು ಎರಡು ಗೋಡೆಗಳೂ ಹಂಚಿಕೊಳ್ಳುವುದರಿಂದ ಬಿರುಕಿಗೆ ಎಡೆಯಿಲ್ಲ. ಬಿರುಕಿದ್ದರೇನು, ನಕ್ಷೆ ತಾನೆ ಎನ್ನಬೇಡಿ. ಗೋಡೆಗಳು ಕೂಡಿಕೊಂಡಿದ್ದರೆ ಮಾತ್ರ ಎಷ್ಟೋ ತಂತ್ರಾಂಶಗಳು ಒಳಗಿನ ಜಾಗವನ್ನು 'ಕೋಣೆ' ಎಂದು ತಾವೇ ಗುರುತಿಸಿ, ನೆಲ ಹಾಸಿ, ಚದರಡಿಯ ಲೆಕ್ಕ ಕೊಡಬಲ್ಲವು.

ಕೈಯ ದೃಷ್ಟಿಯಿಂದಲೂ ಎರಡನೆಯದೇ ಮೇಲು. ಬೆರಳು ಗುಂಡಿಯನ್ನು ಅದುಮಿಕೊಂಡಿರುವಾಗ ಮುಂಗೈ ಬಿಗಿಯುತ್ತದೆ. ಬಿಗಿದ ಕೈಯಿಂದ ಸೂಕ್ಷ್ಮವಾಗಿ ಗುರಿಯಿಡುವುದು ಕಷ್ಟ. ಹಿಡಿಯುವ ಕೆಲಸ, ನಡೆಸುವ ಕೆಲಸ ಎರಡನ್ನೂ ಒಂದೇ ಕೈಗೆ ಹೇರಿದಂತಾಯಿತು. 1991ರಲ್ಲಿ ಮೆಕೆನ್ಜಿ, ಸೆಲನ್, ಬಕ್ಸ್‌ಟನ್ ಎಂಬ ಮೂವರು ಸಂಶೋಧಕರು ಮೌಸು, ಫಲಕದ ಮೇಲಿನ ಲೇಖನಿ, ಉರುಳುಗುಂಡು ಎಂಬ ಮೂರು ಉಪಕರಣಗಳನ್ನು ಇಟ್ಟು ಇದನ್ನು ಪರೀಕ್ಷಿಸಿದರು. ಬರಿದೆ ಗುರಿಯಿಟ್ಟು ಒತ್ತುವುದಕ್ಕಿಂತ ಒತ್ತಿ ಎಳೆಯುವಾಗ ಕೆಲಸ ನಿಧಾನವಾಯಿತು, ತಪ್ಪುಗಳೂ ಹೆಚ್ಚಿದವು. ಗಂಟುನೋವು ಇರುವವರಿಗೆ, ಬೆರಳು ಕಂಪಿಸುವವರಿಗೆ ಈ ಭೇದ ಇನ್ನೂ ದೊಡ್ಡದು. ಎಳೆಯುತ್ತಿರುವಾಗ ನಡುವೆ ಬೆರಳು ಸಡಿಲಿದರೆ ಗೋಡೆ ಅರ್ಧದಲ್ಲಿಯೇ ನಿಂತುಬಿಡುತ್ತದೆ. ಗುರುತಿಟ್ಟು ಸಾಗುವವನಾದರೋ ಒಂದು ಮೂಲೆಯ ನಂತರ ಕೈ ತೆಗೆದು, ಕನ್ನಡಕ ಒರೆಸಿಕೊಂಡು, ಕಾಫಿ ಕುಡಿದು ಬರಬಹುದು; ದಾರ ಅಲ್ಲಿಯೇ ಕಾದಿರುತ್ತದೆ.

ಹಾಗೆಂದು ಒತ್ತಿ ಎಳೆಯುವುದು ಕೆಲಸಕ್ಕೆ ಬಾರದ್ದಲ್ಲ. ಮಂಚವನ್ನೋ ಬೀರುವನ್ನೋ ನಕ್ಷೆಯಲ್ಲಿ ಅತ್ತಿತ್ತ ಸರಿಸಲು, ನಿಂತ ಗೋಡೆಯ ತುದಿಯನ್ನು ಸ್ವಲ್ಪ ಬೆಳೆಸಲು ಅದೇ ಸಹಜವಾದುದು. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದು ಆಯತವನ್ನು ಒಂದೇ ಏಟಿಗೆ ಮೂಡಿಸುವ ಸೌಕರ್ಯವೂ ಕೆಲವು ತಂತ್ರಾಂಶಗಳಲ್ಲಿದೆ. ಸ್ಕೆಚ್‌ಅಪ್ ಎಂಬುದರಲ್ಲಿ ಎರಡು ಬಗೆಗಳೂ ಇದ್ದು, ನಿಮಗೆ ಯಾವುದು ಬೇಕೆಂಬುದನ್ನು ಮೊದಲೇ ನಿಗದಿ ಮಾಡಿಡಬಹುದು.

ಹೊಸದಾಗಿ ಕಲಿಯುವವರಿಗೆ ನಾನು ಸೂಚಿಸುವುದು ಫ್ರಾನ್ಸಿನ ಎಮ್ಯಾನುಯೆಲ್ ಪುಯ್‌ಬಾರೆ ಎಂಬವರು ರಚಿಸಿದ 'ಸ್ವೀಟ್ ಹೋಮ್ 3ಡಿ'ಯನ್ನು. ಅದು ಹಣವಿಲ್ಲದೆ ದೊರೆಯುತ್ತದೆ. ಅಡಿ ಅಂಗುಲಗಳಲ್ಲಿಯೂ ಲೆಕ್ಕ ಇಡುತ್ತದೆ. ನೀವು ಮೇಲೆ ಗೆರೆ ಎಳೆದಂತೆಲ್ಲ ಕೆಳಗೆ ನಿಜವಾದ ಗೋಡೆಯಂತೆ ಎದ್ದುನಿಲ್ಲಿಸಿ ತೋರಿಸುತ್ತದೆ. ಗೋಡೆ ರಚಿಸುವ ಗುಂಡಿಯನ್ನು ಆರಿಸಿಕೊಳ್ಳಿ. ನಕ್ಷೆಯಲ್ಲಿ ಒಮ್ಮೆ ಕ್ಲಿಕ್ ಮಾಡಿ. ಮೊದಲ ಗೂಟ ನೆಟ್ಟಿತು. ಬಾಣವನ್ನು ಸರಿಸಿ, ಅದರ ಬಳಿಯಲ್ಲಿಯೇ ಗೋಡೆಯ ಉದ್ದವೂ ಕೋನವೂ ಅಂಕಿಗಳಲ್ಲಿ ಕಾಣುತ್ತವೆ. ಮೂಲೆಯಲ್ಲಿ ಮತ್ತೆ ಕ್ಲಿಕ್. ಹೀಗೆಯೇ ಮುಂದುವರಿಯಿರಿ. ಮುಗಿಸಬೇಕಾದಾಗ ಕೊನೆಯ ಮೂಲೆಯಲ್ಲಿ ಎರಡು ಸಲ ಬೇಗಬೇಗನೆ ಕ್ಲಿಕ್ ಮಾಡಬೇಕು, ಇಲ್ಲವೆ ಕೀಲಿಮಣೆಯ ಎಡತುದಿಯ ಎಸ್ಕೇಪ್ ಕೀಲಿಯನ್ನು ಒತ್ತಬೇಕು. ಬೆರಳಿಗೆ ಅಂಟಿದ ನೂಲು ಬಿಡಿಸಿಕೊಳ್ಳುವುದು ಹೀಗೆ. ಎಸ್ಕೇಪ್ ಒತ್ತಿದರೆ ಆಗ ಎಳೆಯುತ್ತಿದ್ದ ಗೆರೆಯಷ್ಟೇ ಹೋಗುತ್ತದೆ; ಆ ಮೊದಲು ನಿಂತ ಗೋಡೆಗಳು ಹಾಗೆಯೇ ಉಳಿಯುತ್ತವೆ. ಹೆದರಬೇಕಾದುದೇನೂ ಇಲ್ಲ.

ಇನ್ನು ಅಳತೆಯ ಮಾತು. ಕೈ ಎಷ್ಟು ನಿಖರವಾಗಿ ಎಳೆಯಬಲ್ಲದು? 40 ಅಡಿ ಉದ್ದದ ಮನೆ ಪರದೆಯ ಮೇಲೆ 800 ಚುಕ್ಕೆಗಳಷ್ಟು ಅಗಲವಾಗಿ ಕಾಣುತ್ತಿದೆಯೆನ್ನಿ. 40 ಅಡಿಯೆಂದರೆ 480 ಅಂಗುಲ. 480ನ್ನು 800ರಿಂದ ಭಾಗಿಸಿದರೆ ಒಂದು ಚುಕ್ಕೆಗೆ ಅರ್ಧ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ಎಂದರೆ ಕೈ ಒಂದೇ ಒಂದು ಚುಕ್ಕೆ ತಪ್ಪಿದರೂ ಅಳತೆ ಅರ್ಧ ಅಂಗುಲ ತಪ್ಪಿತು. ನಾಲ್ಕು ಚುಕ್ಕೆ ತಪ್ಪಿದರೆ ಎರಡಂಗುಲಕ್ಕಿಂತ ಹೆಚ್ಚು. ನಕ್ಷೆಯನ್ನು ಹಿಗ್ಗಿಸಿಕೊಂಡರೆ ತಪ್ಪು ಕುಗ್ಗುತ್ತದೆ, ಆದರೆ ಆಗ ಇಡೀ ಮನೆ ಕಣ್ಣಿಗೆ ಕಾಣದು. ಮೌಸು ಅಳತೆಪಟ್ಟಿಯಲ್ಲವೆಂದು ಹಿಂದೆ ಹೇಳಿದುದು ಇದಕ್ಕಾಗಿಯೇ.

ಇದಕ್ಕೆ ಪರಿಹಾರ ಸುಲಭ. ಮೊದಲ ಕ್ಲಿಕ್ ಮಾಡಿ, ಬಾಣವನ್ನು ಗೋಡೆ ಹೋಗಬೇಕಾದ ಕಡೆಗೆ ತಿರುಗಿಸಿ, ಕೀಲಿಮಣೆಯ ಎಂಟರ್ ಒತ್ತಿರಿ. ಉದ್ದ, ಕೋನ, ದಪ್ಪಗಳನ್ನು ಬರೆಯುವ ಮನೆಗಳು ಕಾಣಿಸಿಕೊಳ್ಳುತ್ತವೆ. ಅಂಕಿ ಬರೆದು ಮತ್ತೆ ಎಂಟರ್ ಒತ್ತಿದರೆ ಗೋಡೆ ಹೇಳಿದಷ್ಟೇ ಉದ್ದಕ್ಕೆ ನಿಲ್ಲುತ್ತದೆ. ದಿಕ್ಕು ಕೈಯದು, ಅಳತೆ ಅಂಕಿಯದು. ಹೀಗೆ ಕೆಲಸ ಹಂಚಿದರೆ ನಡುಗುವ ಕೈಯೂ ಎಂಜಿನಿಯರ ಕೈಯಷ್ಟೇ ನಿಖರವಾದ ಗೋಡೆ ಎಳೆಯಬಲ್ಲದು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಕೈಗೆ ನೆರವಾಗಲೆಂದು ತಂತ್ರಾಂಶಗಳಲ್ಲಿ ಇನ್ನೊಂದು ಏರ್ಪಾಟಿದೆ, ಅದನ್ನು ಅಯಸ್ಕಾಂತವೆನ್ನುತ್ತಾರೆ. ಸ್ವೀಟ್ ಹೋಮ್‌ನಲ್ಲಿ ಗೋಡೆಯ ಕೋನ ತಾನಾಗಿ 15 ಡಿಗ್ರಿಯ ಮಜಲುಗಳಿಗೆ ಸೆಳೆಯಲ್ಪಡುತ್ತದೆ. ಕೈ ಕೊಂಚ ಓರೆಯಾದರೂ ಗೋಡೆ ನೆಟ್ಟಗೆ ನಿಲ್ಲುವುದು ಇದರಿಂದ. ಆದರೆ ಉಪಕಾರವೇ ಒಮ್ಮೊಮ್ಮೆ ಅಪಕಾರವಾಗುವುದುಂಟು. ನಮ್ಮ ಊರುಗಳಲ್ಲಿ ಗೋಮುಖವೆಂದೂ ವ್ಯಾಘ್ರಮುಖವೆಂದೂ ಕರೆಯುವ ನಿವೇಶನಗಳನ್ನು ನೀವು ಬಲ್ಲಿರಿ; ಒಂದರಲ್ಲಿ ಮುಂಭಾಗ ಕಿರಿದು, ಇನ್ನೊಂದರಲ್ಲಿ ಹಿಂಭಾಗ ಕಿರಿದು. 40 ಅಡಿಗೆ ಒಂದು ಅಡಿ ಓರೆಯೆಂದರೆ ಕೋನದಲ್ಲಿ ಒಂದೂವರೆ ಡಿಗ್ರಿಯೂ ಇಲ್ಲ. ಅಯಸ್ಕಾಂತ ಅದನ್ನು ಅಳಿಸಿ ನೆಟ್ಟಗೆ ಮಾಡಿಬಿಡುತ್ತದೆ. ನಕ್ಷೆ ಸೊಗಸಾಗಿ ಕಾಣುತ್ತದೆ, ನೆಲಕ್ಕೆ ಮಾತ್ರ ಹೊಂದುವುದಿಲ್ಲ. ಅಂಥ ಗೋಡೆ ಎಳೆಯುವಾಗ ವಿಂಡೋಸ್ ಗಣಕಯಂತ್ರದಲ್ಲಿ ಆಲ್ಟ್ ಕೀಲಿಯನ್ನು ಒತ್ತಿಹಿಡಿದರೆ ಸೆಳೆತ ನಿಲ್ಲುತ್ತದೆ. ಕೋನವನ್ನು ಅಂಕಿಯಲ್ಲಿ ಬರೆಯುವುದು ಇನ್ನೂ ಮೇಲು.

ಅಂಕಿ ಬರೆದರೂ ಒಂದು ಎಚ್ಚರ ಬೇಕು. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಎರಡು ವರ್ಷದ ಕೆಳಗೆ ನಮ್ಮ ಮನೆಯ ಹಿಂಬದಿಗೆ ತಾಯಿಯವರಿಗೆಂದು ಒಂದು ಕೋಣೆಯನ್ನೂ ಅದಕ್ಕೆ ಸೇರಿದ ಬಚ್ಚಲನ್ನೂ ಕಟ್ಟಿಸಬೇಕಾಯಿತು. ಅವರು ವಾಕರ್ ಹಿಡಿದು ನಡೆಯುವವರು. ಜೊತೆಗೆ ಒಬ್ಬರು ತೋಳು ಹಿಡಿದಿರಬೇಕು. ಬಚ್ಚಲಿಗೆ 5 ಅಡಿ ಅಗಲ ಬೇಕೆಂದು ಲೆಕ್ಕ ಹಾಕಿ, ನಕ್ಷೆಯಲ್ಲಿ 5 ಅಡಿ ಎಂದೇ ಬರೆದೆ. ಮುದ್ರಿಸಿ ಮೇಸ್ತ್ರಿಯ ಕೈಗೆ ಕೊಟ್ಟೆ. ಅವರು ಗೂಟ ನೆಟ್ಟು ದಾರ ಕಟ್ಟಿದ ಮೇಲೆ ಕಾಗದವನ್ನೂ ನೆಲವನ್ನೂ ಎರಡು ಸಲ ನೋಡಿ, "ಮೇಷ್ಟ್ರೇ, ಈ ಐದಡಿ ಸೆಂಟರಿಂದ ಸೆಂಟರಿಗೋ, ಒಳಗಡೇದೋ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಒಳಗೆ ಹೋಗಿ ನಕ್ಷೆಯನ್ನು ತೆರೆದು ನೋಡಿದೆ. ನಾನು ಎಳೆದ ಗೆರೆ ಗೋಡೆಯ ನಡುಗೆರೆ. ಗೋಡೆಯ ದಪ್ಪ ಆ ಗೆರೆಯ ಎರಡು ಕಡೆಗೂ ಅರ್ಧರ್ಧ ಹರಡಿಕೊಂಡಿತ್ತು. ಒಂದು ಕಡೆ 9 ಅಂಗುಲದ ಗೋಡೆ, ಅದರ ಅರ್ಧ ನಾಲ್ಕೂವರೆ. ಇನ್ನೊಂದು ಕಡೆ ನಾಲ್ಕೂವರೆ ಅಂಗುಲದ ಗೋಡೆ, ಅದರ ಅರ್ಧ ಎರಡೂಕಾಲು. ಒಟ್ಟು ಆರೂಮುಕ್ಕಾಲು ಅಂಗುಲ ಒಳಗಿನಿಂದ ಹೋಯಿತು. ಗಾರೆ, ಟೈಲುಗಳಿಗೆ ಕಡೆಗೊಂದು ಅಂಗುಲವೆಂದರೂ ಉಳಿಯುವುದು 4 ಅಡಿ 3 ಅಂಗುಲ. ತಾಯಿಯವರ ವಾಕರನ್ನು ತಂದು, ಅಷ್ಟು ಅಗಲಕ್ಕೆ ಇಟ್ಟಿಗೆ ಇಟ್ಟು ಗುರುತು ಮಾಡಿ, ನಡುವೆ ತಿರುಗಿಸಿ ನೋಡಿದೆವು. ವಾಕರ್ ತಿರುಗಿತು; ಪಕ್ಕದಲ್ಲಿ ಹಿಡಿದುಕೊಳ್ಳುವವರು ನಿಲ್ಲಲು ಎಡೆಯಿರಲಿಲ್ಲ.

ತಪ್ಪು ಯಂತ್ರದ್ದಲ್ಲ. 5 ಅಡಿ ಎಂದು ಹೇಳಿದೆನೇ ಹೊರತು ಎಲ್ಲಿಂದ ಎಲ್ಲಿಗೆ ಎಂಬುದನ್ನು ನಾನು ಕೇಳಿಕೊಳ್ಳಲಿಲ್ಲ. ಸ್ವೀಟ್ ಹೋಮ್ ಸಹ ನಡುಗೆರೆಯ ಕ್ರಮವನ್ನೇ ಅನುಸರಿಸುತ್ತದೆ. ನೀವು ಯಾವ ತಂತ್ರಾಂಶವನ್ನೇ ಬಳಸಿ, ಗೋಡೆ ಎಳೆಯುವ ಮೊದಲು ಗೆರೆ ಒಳ ಅಂಚೋ, ಹೊರ ಅಂಚೋ, ನಡುವೋ ಎಂಬುದನ್ನು ತಿಳಿದುಕೊಳ್ಳಿ. ನಡುಗೆರೆಯಾದರೆ ಒಳಗೆ ಬೇಕಾದ ಅಗಲಕ್ಕೆ ಎರಡು ಗೋಡೆಗಳ ಅರ್ಧರ್ಧ ದಪ್ಪವನ್ನೂ ಗಾರೆಯ ಲೆಕ್ಕವನ್ನೂ ಕೂಡಿಸಿ ಬರೆಯಿರಿ. ನಾನು ಬರೆಯಬೇಕಾಗಿದ್ದುದು 5 ಅಡಿ 9 ಅಂಗುಲ.

ಮನೆಯ ಹೊರಗೋಡೆಗಳನ್ನು ಎಳೆದಾದ ಮೇಲೆ ಮೂಲೆಯಿಂದ ಎದುರು ಮೂಲೆಗೆ ಅಳೆದು ನೋಡುವುದನ್ನೂ ಮರೆಯಬೇಡಿ. 30 ಅಡಿಗೆ 40 ಅಡಿ ಎಂಬುದು ನಮ್ಮ ನಗರಗಳಲ್ಲಿ ಎಲ್ಲರೂ ಬಲ್ಲ ನಿವೇಶನ. ಅದರ ಕರ್ಣ ಸರಿಯಾಗಿ 50 ಅಡಿ ಇರಬೇಕು. ಮೂರು, ನಾಲ್ಕು, ಐದು ಎಂಬ ಈ ಹಗ್ಗದ ಲೆಕ್ಕ ಶುಲ್ಬಸೂತ್ರದವರಿಗೂ ಗೊತ್ತಿತ್ತು, ನಮ್ಮ ಮೇಸ್ತ್ರಿಗಳಿಗೂ ಗೊತ್ತು. ಕರ್ಣಗಳೆರಡೂ ಸಮವಾಗಿ 50 ಬಂದರೆ ನಿವೇಶನ ಸರಿಯಾದ ಆಯತಾಕಾರವಾಗಿದೆ. ಬಾರದಿದ್ದರೆ ನೆಲವೇ ಓರೆ, ಅಯಸ್ಕಾಂತವನ್ನು ನಂಬಬೇಡಿ.

ಕೈಗೆ ತೊಂದರೆಯಿರುವವರಿಗೆ ಎರಡು ಮಾತು. ಜೋಡಿ ಕ್ಲಿಕ್ಕಿಗೆ ವಿಂಡೋಸ್ ವ್ಯವಸ್ಥೆಯಲ್ಲಿ ಮೊದಲೇ ಇಟ್ಟಿರುವ ಅವಧಿ ಅರ್ಧ ಸೆಕೆಂಡು. ಅದು ಸಾಲದಿದ್ದರೆ ಮೌಸಿನ ಏರ್ಪಾಟುಗಳಲ್ಲಿ ಅವಧಿಯನ್ನು ಹೆಚ್ಚಿಸಿಕೊಳ್ಳಬಹುದು. 'ಕ್ಲಿಕ್‌ಲಾಕ್' ಎಂಬುದನ್ನು ಅಲ್ಲಿಯೇ ಆರಿಸಿಕೊಂಡರೆ, ಸ್ವಲ್ಪ ಹೊತ್ತು ಒತ್ತಿ ಬಿಟ್ಟ ಗುಂಡಿ ಒತ್ತಿದಂತೆಯೇ ಉಳಿಯುತ್ತದೆ. ಬೆರಳು ಅದುಮಿರದೆಯೇ ಎಳೆಯಬಹುದು. ಎಡಗೈಯವರು ಗುಂಡಿಗಳನ್ನು ಅದಲು ಬದಲು ಮಾಡಿಕೊಳ್ಳಲೂ ಅನುಕೂಲವಿದೆ. ಇವನ್ನು ಮಕ್ಕಳೋ ಮೊಮ್ಮಕ್ಕಳೋ ಒಮ್ಮೆ ಹೊಂದಿಸಿಕೊಟ್ಟರೆ ಸಾಕು.

ಆ ದಿನ ರಾತ್ರಿ ನಾನು ಬಚ್ಚಲಿನ ಅಳತೆಯನ್ನು ತಿದ್ದಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಮರುದಿನ ಬೆಳಿಗ್ಗೆ ಮೇಸ್ತ್ರಿ ಗೂಟಗಳನ್ನು ಕಿತ್ತು ಒಂಬತ್ತು ಅಂಗುಲ ಆಚೆಗೆ ನೆಟ್ಟರು. ಪರದೆಯ ಮೇಲಿನ ದಾರವನ್ನೂ ನೆಲದ ಮೇಲಿನ ದಾರವನ್ನೂ ಸರಿಸಲು ಇನ್ನೂ ಕಾಲವಿತ್ತು. ನೀವೂ ನಿಮ್ಮ ನಕ್ಷೆಯನ್ನು ಬರೆಯಿರಿ, ಧೈರ್ಯವಾಗಿ ಬರೆಯಿರಿ; ಇಟ್ಟಿಗೆ ಬರುವ ಮುನ್ನ ಅದನ್ನು ದಾರ ಹಿಡಿದು ಬಲ್ಲವರೊಬ್ಬರಿಗೆ ತೋರಿಸಿರಿ.